ನಲವತ್ಮೂರನೇ ಕಲ್ಲು

ಮೊಬೈಲಿನ್ಯಾಗ ಜಪಾನಿನ ಚಿತ್ರ ಹಚ್ಚಿ ಕುಂತಾಳ ಮೆಹಜಬೀನ.
ಕೋಡಿನ ರಾಕ್ಷಸನ ಹೆಗಲಮ್ಯಾಲ ಬಟ್ಟಲಗಣ್ಣಿನ ಹುಡುಗಿ,
ಬೆನ್ನ ಹಿಂದ ಊರಿಗೆ ಊರ ಉರೀತೈತಿ.
"ನಾನಾ, ರಾಕ್ಷಸನ ಕೈಯಾಗ ಕೂಸು ಯಾರ ಕೊಟ್ರು?"
ಯಾರೂ ಕೊಡೂದಿಲ್ಲ ಬೇಟಾ,
ಹತ್ರ ಇದ್ದಾಂವಗ ಗಂಟು ಬೀಳತೈತಿ.
ಅದನ್ನಟು ನಿಂದರಸು. ನಮ್ಮ ಜತ್ತ ತಾಲೂಕಿನದೊಂದು ಹೇಳ್ತೀನಿ.

ಮೂವತ್ತೊಂದು ವರ್ಷ ನಾ ಮೋಜಣಿ ಆಫೀಸಿನ್ಯಾಗ
ಸರಪಳಿ ಹಿಡದಾಂವ. ಗಡಿಗುಂಟ ಇರೂ ಎಲ್ಲಾ ಕಲ್ಲಿನ ಗುರತ ಐತಿ.
ಉಮದಿ ದಾಟಿ, ಜಾಲಿಕಂಟಿ ನಡುವ, ನಲವತ್ಮೂರನೇದು:
ಈ ಮಗ್ಗಲ ಮರಾಠಿ ಮ, ಆ ಮಗ್ಗಲ ಕನ್ನಡ ಕ,
ನೆತ್ತಿಮ್ಯಾಲ ಕಾಗಿ ಹಿಕ್ಕಿ.
ಹುಗಿಯೂ ಮುಂದ ಅದಕ್ಕ ಒಂದ ಮಾತು ಹೇಳಿದ್ರು:
ಅಲಗ್ಯಾಡಬ್ಯಾಡ.
ಅದ ಅದರ ನೌಕರಿ, ಅದ ಅದರ ನಮಾಜು.

ಪುಷ್ಯದ ಥಂಡಿ. ಕಬ್ಬು ಕಡಿಯವರ ಟ್ರ್ಯಾಕ್ಟರು
ಬೋಗಾಣಿ, ಆಡು, ಕೋಳಿ, ಕೌದ್ಯಾಗ ಸುತ್ತಿದ ಮಕ್ಕಳು
ಎಲ್ಲಾ ಹೇರಿಕೊಂಡು ನಡುರಾತ್ರ್ಯಾಗ ಹೊಂಟಿತ್ತು.
ತಗ್ಗಿನ್ಯಾಗ ಗಾಲಿ ಇಳೀತು. ಒಂದು ಗಂಟು ಉರುಳಿತು.
ಡ್ರೈವರ ಹಾಡು ಹಚ್ಚಿದ್ದ. ಯಾರಿಗೂ ಕೇಳಲಿಲ್ಲ.

ಗಂಟು ಬಿಚ್ಚಿಕೊಂಡು ಎದ್ದಾಕಿ ಜಮಲಿ, ಮೂರೂವರಿ ವರ್ಷ.
ಕಂಬಳಿ ಹೊದ್ದು ಯಾರೋ ಕುಂತಾರಂತ ತಿಳದು
ಕಲ್ಲಿಗೆ ಆತು "ಯಾಡೀ" ಅಂದ್ಳು.
ಕಲ್ಲಿಗೆ ಎರಡ ಭಾಷಾ ಬರತಿದ್ದುವು. ಇದು ಮೂರನೇದು.
ತಾಂಡಾದ ಮಕ್ಕಳು ಅವ್ವಗ ಹಂಗ ಕರೀತಾವ ಅನ್ನೂದು
ಅದಕ್ಕ ಯಾರ ಹೇಳಬೇಕು?
ಗೊತ್ತಿಲ್ಲದ ಹೆಸರಿಗೆ ಓ ಅಂದಿತು.

ತೋಳ ಬಂದುವು. ಒಂದಲ್ಲ, ಮೂರು.
ಆವಾಗ ನೋಡು, ಅಲಗ್ಯಾಡಬ್ಯಾಡ ಅನ್ನಿಸಿಕೊಂಡಿದ್ದು
ಎದ್ದು ನಿಂತಿತು.
ಮ್ಯಾಲ ಕಾಣತಿದ್ದದ್ದು ಎರಡ ಫೂಟು,
ನೆಲದಾಗ ನಾಕು ಫೂಟು ಯಾರೂ ಕಾಣದ್ದು ಇತ್ತು.
ಬೇರು ಹರಕೋತ, ಎರಿಮಣ್ಣು ಜಾಡಿಸಿಕೋತ,
ಗೆದ್ದಲ ಹುತ್ತಿನ ಲಂಗಾ ಉಟ್ಟು ಎದ್ದಿದ್ದನ್ನ ನೋಡಿ
ತೋಳ ಕ ಕಡೆ ಎರಡು, ಮ ಕಡೆ ಒಂದು ಓಡಿದುವು.

ಕೈ ಇಲ್ಲ ಅದಕ್ಕ. ಬಾಗಿತು, ಆಕಿ ಹತ್ತಿದ್ಲು.
ಕಾಲೂ ಇಲ್ಲ. ಧಪ್, ಧಪ್, ಕುಪ್ಪಳಿಸಿಕೋತ ನಡೀತು
ಸಕ್ರಿ ಫ್ಯಾಕ್ಟರಿಯ ಚಿಮಣಿ ದೀಪದ ಕಡೆ.

ಕಲ್ಲು ಇದ್ದಲ್ಲೆ ಗಡಿ, ಕಾಯದೆ ಹಂಗೈತಿ.
ಬಿಚ್ಚಿದ ಪಟಗದಂಗ ಗಡಿ ಅದರ ಹಿಂದ ಎಳಕೋತ ಹೊಂಟಿತು.
ಒಂದು ಬಾವಿಯ ನೀರು ಕರ್ನಾಟಕ, ರಾಟಿ ಮಹಾರಾಷ್ಟ್ರ.
ಮಲಗಿದ ಗಂಡಾ ಹೆಂಡತಿ ನಡುವ ರಾಜ್ಯ ಬಂತು.
ರಾಮಗೊಂಡನ ಮೊಬೈಲಿಗೆ ಮೂರು ಸಲ "ಸುಸ್ವಾಗತ" ಬಂತು,
ಅಂವ ಮಗ್ಗಲಾ ಸುದ್ದಾ ಬದಲಿಸಿದ್ದಿಲ್ಲ.
ಜಮಲಿಗೆ ಇದರ ಖಬರಿಲ್ಲ.
ಹಿಕ್ಕಿಯ ನೆತ್ತಿಗೆ ಕೆನ್ನಿ ಹಚ್ಚಿ ಜೊಲ್ಲು ಸುರಿಸಿ ಮಲಗಿದ್ಲು.

ಕೋಳಿ ಕೂಗೂ ಹೊತ್ತಿಗೆ, ಕಬ್ಬಿನ ಹೊಲದ ದಂಡಿಗೆ,
ತಾಯಿ ಬರಿಗಾಲಲೆ ಎದುರ ಓಡಿ ಬಂದ್ಲು.
ಕೂಸನ್ನ ಕಸಗೊಂಡ್ಲು. ಕಲ್ಲಿನ ಕಡೆ ನೋಡಲಿಲ್ಲ.
ಹೊಲದಾಗ ಕಲ್ಲಿರೂದು ಏನ್ ದೊಡ್ಡ ಮಾತು?

ಹೊತ್ತು ಹುಟ್ಟೂದ್ರಾಗ ಅದು ಹೊಳ್ಳಿ ತನ್ನ ಕುಣಿಯಾಗ ಇತ್ತು.
ಆದ್ರ ಅವತ್ತಿನಿಂದ, ಕಬ್ಬಿನ ಸೀಜನ್ ಬಂದಾಗೊಮ್ಮೆ,
ಗೇಣುದ್ದ ಸರೀತೈತಿ ಫ್ಯಾಕ್ಟರಿ ದಾರಿ ಕಡೆ.
ಕಾಂಬಳೆ ಸಾಹೇಬ್ರು ಕಾಗದದಾಗ ಬರದ್ರು: ಮಣ್ಣು ಸಡಿಲ.
ನನ್ನ ಕೈಯಾಗ ಹಾರಿ ಕೊಟ್ಟು, ದೂಡೋ ದಸ್ತಗೀರ, ಅಂದ್ರು.
ಬಗ್ಗಿದೆ. ನೆತ್ತಿಮ್ಯಾಲ ಬೊಗಸಿಯಷ್ಟು ಜಾಗಾ
ಹಿಕ್ಕಿ ಇಲ್ಲದ, ನುಣ್ಣಗ, ಯಾರೋ ಒರಸಿಟ್ಟಂಗ.

"ಅಳತಿ ಬರೋಬರಿ ಐತ್ರಿ ಸಾಹೇಬ."
ಹಂಗ ಹೇಳಬೇಕಂದ್ರ ಸರಪಳಿ ಒಂದೀಟು ಸಡಿಲ ಹಿಡೀಬೇಕಾಗತೈತಿ.
ಹನ್ನೆರಡು ವರ್ಷ ಹಿಡದೆ.
ಈಗಿನ ಹುಡುಗರು ಉಪಗ್ರಹದ ಮಶೀನು ತಂದಾರ,
ಅದಕ್ಕ ಸಡಿಲ ಹಿಡಿಯಾಕ ಬರೂದಿಲ್ಲ.

ನಿನ್ನ ರಾಕ್ಷಸ ಎಲ್ಲಿಗೆ ಬಂತು?
ಹಚ್ಚು, ನೋಡೂನು.